ಒಂಬತ್ತನೇ ಗುಡ್ಡೆ

ಪ್ರಶ್ನೆ: ನಮ್ಮ ಬೀದಿಯ ತಿರುವಿನಲ್ಲಿ ಒಬ್ಬ ಹೆಂಗಸು ಹತ್ತು ವರ್ಷದಿಂದ ಸೊಪ್ಪು, ತರಕಾರಿ ಮಾರುತ್ತಾರೆ. ಸಂಜೆ ಹೊತ್ತು ಅವರ ಮುಂದೆ ಯಾವಾಗಲೂ ಜನ. ಅಂಗಡಿ ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ, ತೆರಿಗೆಯೂ ಇಲ್ಲ. ಆದರೂ ಮೊನ್ನೆ ಮಗಳ ಫೀಸು ಕಟ್ಟಲು ನನ್ನ ಹತ್ತಿರ ಸಾಲ ಕೇಳಿದರು. ಇಷ್ಟು ವ್ಯಾಪಾರ ಇದ್ದೂ ದುಡ್ಡು ಎಲ್ಲಿ ಹೋಗುತ್ತದೆ? ಸಾಲ ಕೊಡಬಹುದಾ? ಅವರ ಹತ್ತಿರ ಚೌಕಾಸಿ ಮಾಡುವುದು ತಪ್ಪಾ?

ಉತ್ತರ: ನೀವು ಅವರನ್ನು ನೋಡುವುದು ಸಂಜೆ. ಗಿರಾಕಿಗಳು ತುಂಬಿರುವ ಮೂರು ಗಂಟೆ ಮಾತ್ರ ನಿಮ್ಮ ಕಣ್ಣಿಗೆ ಬೀಳುತ್ತದೆ. ಅದರ ಹಿಂದೆ ಮುಂದೆ ಏನಿದೆ ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ಬೀದಿ ವ್ಯಾಪಾರಿಗಳ ಪಕ್ಕ ಕೂತು ಅವರ ದಿನದ ಲೆಕ್ಕ ಬರೆದುಕೊಳ್ಳುವುದೇ ನನ್ನ ಬಹಳ ವರ್ಷದ ಕೆಲಸ. ಹಾಗಾಗಿ ಮೊದಲು ಅವರ ದಿನ ಹೇಳುತ್ತೇನೆ, ಆಮೇಲೆ ಲೆಕ್ಕ.

ಸೊಪ್ಪು ಮಾರುವವರ ದಿನ ನಸುಕಿನ ಮೂರು, ಮೂರೂವರೆಗೇ ಶುರು. ಸಗಟು ಮಾರುಕಟ್ಟೆಗೆ ಮೊದಲು ಹೋದವರಿಗೆ ಒಳ್ಳೆ ಮಾಲು. ತಡವಾಗಿ ಹೋದವರಿಗೆ ಬೇರೆಯವರು ಆರಿಸಿ ಬಿಟ್ಟದ್ದು. ಮೂಟೆ ಪೂರ್ತಿ ಬಿಚ್ಚಿ ನೋಡಲು ಅಲ್ಲಿ ಯಾರೂ ಬಿಡುವುದಿಲ್ಲ. ಮೇಲಿನದ್ದನ್ನು ಮುಟ್ಟಿ ನೋಡಿ ಒಳಗಿನದ್ದನ್ನು ಅಂದಾಜು ಮಾಡಬೇಕು. ನಾನು ನೋಡಿದ ಒಬ್ಬರು ಮೂಟೆಯ ಮಧ್ಯಕ್ಕೆ ಕೈ ತೂರಿಸಿ ಸುಮ್ನೆ ಹತ್ತು ಎಣಿಸುವಷ್ಟು ಹೊತ್ತು ಇಟ್ಟುಕೊಳ್ಳುತ್ತಿದ್ದರು. ಒಳಗೆ ಬಿಸಿ ಹತ್ತಿದರೆ ಆ ಮೂಟೆ ಬೇಡ. ಸೊಪ್ಪು ಒಳಗೊಳಗೇ ಕೊಳೆಯಲು ಶುರುವಾಗಿದೆ, ಮಧ್ಯಾಹ್ನ ಆಗುವಷ್ಟರಲ್ಲಿ ಹಳದಿ ಆಗುತ್ತದೆ ಅಂತ ಅರ್ಥ.

ಕೊಂಡದ್ದನ್ನು ಹಮಾಲಿಯ ತಲೆ ಮೇಲೆ ಹೊರಿಸಿ, ನಾಲ್ಕೈದು ಜನ ಸೇರಿ ಮಾಡಿದ ಗಾಡಿಗೆ ಹಾಕಬೇಕು. ಗಾಡಿ ತುಂಬುವ ತನಕ ಕಾಯಬೇಕು. ಏಳಕ್ಕೆ ಜಾಗ ಸೇರಿದರೆ ಪುಣ್ಯ. ಆಮೇಲೆ ಕೊಳೆತ ಎಲೆ ಕೀಳುವುದು, ದೊಡ್ಡ ಕಟ್ಟು ಬಿಚ್ಚಿ ಸಣ್ಣ ಕಟ್ಟು ಮಾಡುವುದು, ಒದ್ದೆ ಗೋಣಿ ಹೊದಿಸುವುದು. ಎಂಟರಿಂದ ಹತ್ತರವರೆಗೆ ಸ್ವಲ್ಪ ವ್ಯಾಪಾರ. ಹನ್ನೊಂದರಿಂದ ನಾಲ್ಕರವರೆಗೆ ಹೆಚ್ಚುಕಡಿಮೆ ಯಾರೂ ಬರುವುದಿಲ್ಲ. ಆದರೆ ಎದ್ದು ಹೋಗುವ ಹಾಗಿಲ್ಲ. ಎದ್ದರೆ ಜಾಗ ಹೋಗುತ್ತದೆ, ಇಲ್ಲವೇ ಮಾಲು ಹೋಗುತ್ತದೆ. ಹತ್ತಿರದಲ್ಲಿ ಶೌಚಾಲಯ ಇಲ್ಲದ ಕಡೆ ಹೆಂಗಸರು ಬೇಕೆಂದೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಬಿಸಿಲಲ್ಲಿ ದಿನವಿಡೀ ಕೂತು, ನೀರೂ ಕುಡಿಯದೆ, ಉರಿಮೂತ್ರದ ಕಾಯಿಲೆ ತಂದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಅದಕ್ಕೆ ಮಾಡುವ ಔಷಧಿ ಖರ್ಚು ವ್ಯಾಪಾರದ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಆದರೆ ಅದು ವ್ಯಾಪಾರದ ಖರ್ಚೇ ಅಲ್ವಾ?

ಸಂಜೆ ಐದರಿಂದ ಎಂಟು, ನೀವು ನೋಡುವ ಹೊತ್ತು. ಅದಾದ ಮೇಲೆ ಗುಡಿಸುವುದು, ಉಳಿದದ್ದನ್ನು ಕಟ್ಟಿ ಎಲ್ಲಾದರೂ ಇಡುವುದು. ಮನೆ ಸೇರಿದ ಮೇಲೆ ಅಡುಗೆ. ಒಟ್ಟು ಹದಿನೇಳು ಹದಿನೆಂಟು ಗಂಟೆ ದುಡಿತ. ನಿಜವಾಗಿ ಮಾರುವ ಹೊತ್ತು ನಾಲ್ಕೈದು ಗಂಟೆ ಮಾತ್ರ.

ಈಗ ಲೆಕ್ಕ. ಎಲ್ಲಾ ಕಡೆಗೂ ಹೊಂದಲಿ ಅಂತ ಯಾವ ದೇಶದ ಹಣವನ್ನೂ ಹೇಳದೆ, ಬೆಳಗಿನ ಬಂಡವಾಳ 100 ಅಂತ ಇಟ್ಟುಕೊಳ್ಳೋಣ. ಇದು ತಿಳಿಯಲಿ ಅಂತ ನಾನು ಕೊಡುವ ಉದಾಹರಣೆ. ಮಾಲಿಗೆ, ಊರಿಗೆ ತಕ್ಕ ಹಾಗೆ ಅಂಕಿ ಬದಲಾಗುತ್ತದೆ. ಲೆಕ್ಕದ ನಡಿಗೆ ಮಾತ್ರ ಹೀಗೇ ಇರುತ್ತದೆ.

100ಕ್ಕೆ ಹತ್ತು ಗುಡ್ಡೆ ಮಾಲು ತಂದರು. ಒಂದು ಗುಡ್ಡೆಗೆ ಅಸಲು 10. ಮಾರುವ ಬೆಲೆ 15. ಹತ್ತೂ ಹೋದರೆ 150 ಆಗಬೇಕು. ಹಾಗೆ ಆಗುವ ದಿನ ಕಡಿಮೆ. ಆರು ಗುಡ್ಡೆ 15ರ ಹಾಗೆ ಹೋಗುತ್ತದೆ, 90 ಬಂತು. ಸಂಜೆ ಏಳರ ಮೇಲೆ ಎಲೆ ಬಾಡಿರುತ್ತದೆ. ಮೂರು ಗುಡ್ಡೆಯನ್ನು 12ಕ್ಕೆ ಇಳಿಸಬೇಕು, 36 ಬಂತು. ಹತ್ತನೆಯದು ಕೊಳೆತು ಹೋಯಿತು, ಇಲ್ಲವೇ ದನ ತಿಂದಿತು. ಒಟ್ಟು 126.

ಇನ್ನು ಖರ್ಚು. ಬೆಳಿಗ್ಗೆ ತಂದ 100 ಸಾಲದ್ದಾದರೆ ಸಂಜೆಗೆ ಬಡ್ಡಿ 5. ಹಮಾಲಿ, ಗಾಡಿ 6. ನೆಲದ ಸುಂಕ, ಮಾಮೂಲಿ ಎಲ್ಲಾ ಸೇರಿ 3. ರಾತ್ರಿ ಸಾಮಾನು ಇಟ್ಟುಕೊಳ್ಳುವವರಿಗೆ 1. ಕವರು, ದಾರ 1. ಟೀ, ನೀರು, ಶೌಚಾಲಯದ ದುಡ್ಡು 2. ಒಟ್ಟು 18. ಅಸಲು 100 ಕಳೆದು, ಈ 18 ಕಳೆದರೆ ಕೈಯಲ್ಲಿ ಉಳಿಯುವುದು 8. ನಿಮಗೆ ಕಾಣಿಸಿದ್ದು 126. ಮನೆಗೆ ಹೋದದ್ದು 8.

ಇದರೊಳಗೆ ಇನ್ನೊಂದು ವಿಷಯ ಇದೆ. ಅಸಲು ಮತ್ತು ಖರ್ಚು ಸೇರಿ 118. ಎಂಟು ಗುಡ್ಡೆ ಮಾರಿದ ಮೇಲೂ ಬಂದಿರುವುದು 114. ಅಂದರೆ ಒಂಬತ್ತನೇ ಗುಡ್ಡೆ ಹೋಗುವವರೆಗೂ ಅವರು ನಷ್ಟದಲ್ಲೇ ಕೂತಿರುತ್ತಾರೆ. ದಿನದ ಲಾಭ ಇರುವುದು ಆ ಒಂದೇ ಗುಡ್ಡೆಯಲ್ಲಿ. ರಾತ್ರಿ ಎಂಟಾದರೂ, ಬೀದಿ ಖಾಲಿಯಾದರೂ, ಸ್ವಲ್ಪ ಮಾಲು ಮುಂದಿಟ್ಟುಕೊಂಡು ಯಾಕೆ ಕೂತಿರುತ್ತಾರೆ ಅಂತ ನಾನು ಮೊದಲು ಯೋಚಿಸುತ್ತಿದ್ದೆ. ಈ ಲೆಕ್ಕ ಬರೆದ ಮೇಲೆ ಗೊತ್ತಾಯಿತು.

ಚೌಕಾಸಿಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬೆಳಿಗ್ಗೆ ಹೊಸ ಮಾಲು ಇರುವಾಗ ಎರಡು ಮಾತು ಆಡಿ ಬೆಲೆ ಕೇಳುವುದರಲ್ಲಿ ತಪ್ಪೇನಿಲ್ಲ. ಅದು ಅವರಿಗೂ ಅಭ್ಯಾಸ. ಬೇಡ ಅಂದರೆ ಬೇಡ ಅನ್ನುತ್ತಾರೆ, ಇನ್ನೊಬ್ಬ ಗಿರಾಕಿ ಬರುತ್ತಾರೆ ಅನ್ನುವ ಧೈರ್ಯ ಇರುತ್ತದೆ. ಸಂಜೆ ಏಳರ ಮೇಲೆ ಆ ಧೈರ್ಯ ಇರುವುದಿಲ್ಲ. ಆಗ ಅವರೇ 12ಕ್ಕೆ ಇಳಿಸಿರುವುದನ್ನು ನಾವು 10ಕ್ಕೆ ಕೇಳಿದರೆ ಕೊಟ್ಟೇ ಕೊಡುತ್ತಾರೆ. ಮೂರು ಗುಡ್ಡೆಗೂ ಹಾಗೇ ಆದರೆ 6 ಹೋಯಿತು. 8ರಲ್ಲಿ ಉಳಿಯಿತು 2. ಅದಕ್ಕೇ ನಾನು ಸಂಜೆ ಹೊತ್ತು ಚೌಕಾಸಿ ಮಾಡುವುದಿಲ್ಲ. ಮಾಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಹಾಗಾದರೆ ಈ ಬಡ್ಡಿಯ ಉರುಳಿನಿಂದ ಯಾಕೆ ಹೊರಗೆ ಬರಬಾರದು? ಬಹಳ ಜನ ನನ್ನನ್ನು ಕೇಳುವ ಪ್ರಶ್ನೆ ಇದು. ಕಾಗದದ ಮೇಲೆ ಇದು ತುಂಬಾ ಸುಲಭ. ಉಳಿಯುವ 8ರಲ್ಲಿ ದಿನಕ್ಕೆ 1 ತೆಗೆದಿಡಲಿ. ನಾಳೆ 100ರ ಬದಲು 99 ಸಾಲ ತೆಗೆಯಲಿ. ಕಡಿಮೆಯಾದ ಬಡ್ಡಿಯನ್ನೂ ಅದಕ್ಕೇ ಸೇರಿಸುತ್ತಾ ಹೋಗಲಿ. ಹೀಗೆ ಮಾಡಿದರೆ 37ನೇ ದಿನಕ್ಕೆ ಅವರದ್ದೇ 100 ಆಗುತ್ತದೆ. ಸಾಲವೇ ಬೇಡ.

ಆದರೆ 37 ದಿನ ಏನೂ ಕೆಡದೆ ಕಳೆಯಬೇಕು. ಒಂದು ಸಂಜೆ ಏಳಕ್ಕೆ ಜೋರು ಮಳೆ ಬಂದರೆ ಕೈಯಲ್ಲಿ ಇರುವುದು 90. ಕೊಡಬೇಕಾದದ್ದು 105. ಆ ದಿನದ 15 ಎಲ್ಲಿಂದ ಬರಬೇಕು? ಕೂಡಿಟ್ಟ ಪುಡಿಗಾಸಿನಿಂದಲೇ. ಹದಿನೈದು ದಿನ ದಿನಕ್ಕೊಂದು ಅಂತ ಎತ್ತಿಟ್ಟದ್ದು ಒಂದೇ ಮಳೆಗೆ ಹೋಯಿತು. ಮಗುವಿಗೆ ಜ್ವರ ಬಂತು, ಎರಡು ದಿನ ವ್ಯಾಪಾರ ಇಲ್ಲ. ಬೀದಿ ಖಾಲಿ ಮಾಡಿಸುವ ಗಾಡಿ ಬಂತು, ಮಾಲೂ ಹೋಯಿತು ತಕ್ಕಡಿಯೂ ಹೋಯಿತು.

ಡೀನ್ ಕಾರ್ಲನ್, ಸೆಂಧಿಲ್ ಮುಲ್ಲೈನಾಥನ್, ಬೆಂಜಮಿನ್ ರೋತ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಭಾರತ ಮತ್ತು ಫಿಲಿಪ್ಪೀನ್ಸ್‌ನ ಮೂರು ಕಡೆ ಮಾರುಕಟ್ಟೆ ವ್ಯಾಪಾರಿಗಳ ಬಡ್ಡಿ ಸಾಲವನ್ನು ಪೂರ್ತಿ ತೀರಿಸಿಬಿಟ್ಟರು. ಆರು ವಾರದೊಳಗೆ ಹೆಚ್ಚಿನವರು ಮತ್ತೆ ಸಾಲಕ್ಕೆ ಬಿದ್ದಿದ್ದರು. ಇದನ್ನು ಕೇಳಿದವರು ಇವರಿಗೆ ದುಡ್ಡು ಉಳಿಸಲು ಬರುವುದಿಲ್ಲ ಅಂದುಬಿಡುತ್ತಾರೆ. ನನಗೆ ಹಾಗನಿಸುವುದಿಲ್ಲ. ಸಾಲ ತೀರಿತು, ಆದರೆ ಮಳೆ ನಿಲ್ಲಲಿಲ್ಲ, ಜ್ವರ ನಿಲ್ಲಲಿಲ್ಲ. ಕೆಟ್ಟ ದಿನಕ್ಕೆ ಅಂತ ಬೇರೆ ಗಂಟು ಇಲ್ಲದಿದ್ದರೆ ಬಂಡವಾಳವೇ ಗಂಟು. ಕಷ್ಟ ಬಂದಾಗ ಕೈ ಅಲ್ಲಿಗೇ ಹೋಗುತ್ತದೆ.

ಅದು ಹೇಗೆ ಹೋಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ನಾನು ಲೆಕ್ಕ ಬರೆಯುತ್ತಿದ್ದ ಒಬ್ಬ ಹೆಂಗಸಿನ ಹತ್ತಿರ ಎರಡು ಚೀಲ ಇದ್ದವು. ಒಂದು ಸೊಂಟದಲ್ಲಿ, ಇನ್ನೊಂದು ತಕ್ಕಡಿ ಪಕ್ಕದ ಡಬ್ಬಿಯಲ್ಲಿ. ಸೊಂಟದ್ದು ನಾಳೆಯ ಮಾಲಿಗೆ, ಡಬ್ಬಿಯದ್ದು ಮನೆಗೆ. ಓದಲು ಬರೆಯಲು ಬಾರದಿದ್ದರೂ ಅವರ ಲೆಕ್ಕ ಒಂದು ದಿನವೂ ತಪ್ಪಿದ್ದನ್ನು ನಾನು ನೋಡಲಿಲ್ಲ. ಟೀ ಕುಡಿದರೆ ಡಬ್ಬಿಯ ದುಡ್ಡು. ಮಗ ಬಂದು ಏನೋ ಕೇಳಿದರೆ ಡಬ್ಬಿಯ ದುಡ್ಡು. ಡಬ್ಬಿ ಖಾಲಿ ಆದರೆ ಮಗನನ್ನು ಗದರಿಸಿ ಕಳಿಸುತ್ತಿದ್ದರು, ಸೊಂಟಕ್ಕೆ ಕೈ ಹಾಕುತ್ತಿರಲಿಲ್ಲ. ಒಂದು ಮಧ್ಯಾಹ್ನ ತಮ್ಮ ಬಿದ್ದು ಕಾಲು ಮುರಿದುಕೊಂಡ ಅಂತ ಫೋನು ಬಂತು. ಮಾತಾಡದೆ ಸೊಂಟದ ಚೀಲ ಬಿಚ್ಚಿ ಪಕ್ಕದ ಹುಡುಗನ ಕೈಗೆ ಕೊಟ್ಟು ಓಡಿಸಿದರು. ಸಂಜೆವರೆಗೂ ವ್ಯಾಪಾರ ಮಾಡಿದರು. ಮಾರನೇ ದಿನ ನಸುಕಿನಲ್ಲಿ ಮತ್ತೆ ಬಡ್ಡಿಯವನ ಮುಂದೆ ನಿಂತಿದ್ದರು. ಒಂದೂವರೆ ವರ್ಷದ ಮೇಲೆ ಮೊದಲ ಸಲ.

ಸಗಟಾಗಿ ಕೊಂಡು ಚಿಲ್ಲರೆಯಾಗಿ ಮಾರುವುದೇ ವ್ಯಾಪಾರ ಅನ್ನುತ್ತೇವೆ. ಮಾಲಿನ ಮಟ್ಟಿಗೆ ಬೀದಿ ವ್ಯಾಪಾರಿಯೂ ಹಾಗೇ ಮಾಡುತ್ತಾರೆ. ಆದರೆ ಮಾಲು ಬಿಟ್ಟು ಉಳಿದದ್ದೆಲ್ಲಾ ಅವರು ಕೊಳ್ಳುವುದು ಚಿಲ್ಲರೆಯಾಗಿ. ಅಂಗಡಿಯವರು ವರ್ಷದ ಬಡ್ಡಿಗೆ ಸಾಲ ತೆಗೆದರೆ ಇವರು ಒಂದು ದಿನದ ಬಡ್ಡಿಗೆ. ಫಿಲಿಪ್ಪೀನ್ಸ್‌ನಲ್ಲಿ ಬಡ್ಡಿಯವರು ಕೊಡುವ ಸಾಲಕ್ಕೆ ‘ಐದು ಆರು’ ಅಂತಲೇ ಹೆಸರು, ಐದು ತೆಗೆದುಕೊಂಡರೆ ಆರು ಕೊಡಬೇಕು. ಅಂಗಡಿಯವರು ತಿಂಗಳ ಬಾಡಿಗೆ ಕೊಟ್ಟರೆ ಇವರು ದಿನದ ಸುಂಕ. ಗೋದಾಮಿನ ಬದಲು ಒಂದು ರಾತ್ರಿಯ ಮೂಲೆ. ನಲ್ಲಿಯ ಬದಲು ಒಂದು ಕೊಡ ನೀರು. ಹೀಗೆ ತುಂಡು ತುಂಡಾಗಿ ಕೊಂಡಾಗ ಎಲ್ಲವೂ ದುಬಾರಿ. ನೀವು ಕೇಳಿದ ದುಡ್ಡು ಹೋಗುವುದು ಇಲ್ಲಿಗೇ.

ಉಳಿತಾಯಕ್ಕೂ ದುಡ್ಡು ಕೊಡುತ್ತಾರೆ ಅಂದರೆ ನಂಬುತ್ತೀರಾ? ಘಾನಾದ ಮಾರುಕಟ್ಟೆಗಳಲ್ಲಿ ‘ಸುಸು’ ಎತ್ತುವವರು ಇದ್ದಾರೆ. ದಿನಾ ಬಂದು ವ್ಯಾಪಾರಿಗಳಿಂದ ಇಷ್ಟು ಅಂತ ಗೊತ್ತು ಮಾಡಿದ ದುಡ್ಡು ಎತ್ತುತ್ತಾರೆ. ತಿಂಗಳ ಕೊನೆಗೆ ಒಂದು ದಿನದ ದುಡ್ಡನ್ನು ತಮ್ಮ ಕೂಲಿ ಅಂತ ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತಾರೆ. ಬ್ಯಾಂಕು ಬಡ್ಡಿ ಕೊಡುವ ಕಡೆ ಈ ವ್ಯಾಪಾರಿಗಳು ತಾವೇ ಕೂಲಿ ಕೊಡುತ್ತಾರೆ. ಯಾಕೆಂದರೆ ಕೈಯಲ್ಲಿದ್ದ ದುಡ್ಡು ಖರ್ಚಾಗಿಬಿಡುತ್ತದೆ ಅನ್ನುವುದು ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಬ್ಯಾಂಕಿಗೆ ಹೋಗಬೇಕಾದರೆ ಜಾಗ ಬಿಟ್ಟು ಏಳಬೇಕು. ಅಹಮದಾಬಾದಿನಲ್ಲಿ ಸ್ವಂತ ದುಡಿಮೆಯ ಹೆಂಗಸರಿಗಾಗಿ ಇಳಾ ಭಟ್ ಅವರು ಕಟ್ಟಿದ ‘ಸೇವಾ’ ಸಂಘದ ಹೆಂಗಸರು ಈ ಕಷ್ಟಕ್ಕೆ ತಾವೇ ದಾರಿ ಹುಡುಕಿದರು. 1974ರಲ್ಲಿ ನಾಲ್ಕು ಸಾವಿರ ಜನ ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಸಹಕಾರಿ ಬ್ಯಾಂಕ್ ಕಟ್ಟಿದರು. ಅವರಲ್ಲಿ ಬಹಳ ಜನ ಸಹಿ ಹಾಕಲು ಬಾರದವರು. ಆ ಬ್ಯಾಂಕ್ ಇವತ್ತಿಗೂ ನಡೆಯುತ್ತಿದೆ.

ಬಾಡಿಗೆ ಇಲ್ಲ ಅಂದಿರಿ. ಚೀಟಿ ಇರುವ ಬಾಡಿಗೆ ಇಲ್ಲ, ಅಷ್ಟೇ. ಆ ತಿರುವಿನ ನಾಲ್ಕು ಅಡಿ ಜಾಗ ಅವರದ್ದು ಅಂತ ಯಾವ ಕಾಗದವೂ ಹೇಳುವುದಿಲ್ಲ. ಅಕ್ಕಪಕ್ಕದ ವ್ಯಾಪಾರಿಗಳು ಒಪ್ಪಿದ್ದಾರೆ, ಗಿರಾಕಿಗಳಿಗೆ ಗೊತ್ತಿದೆ. ಹತ್ತು ವರ್ಷ ಒಂದು ದಿನವೂ ಬಿಡದೆ ಕೂತು ಅದನ್ನು ಸಂಪಾದಿಸಿದ್ದಾರೆ. ಅವರ ನಿಜವಾದ ಆಸ್ತಿ ಅಂದರೆ ಅದೇ. ಅದನ್ನು ಮಾರಲು ಬರುವುದಿಲ್ಲ, ಅಡ ಇಡಲು ಬರುವುದಿಲ್ಲ. ಆದರೆ ಒಂದೇ ಬೆಳಿಗ್ಗೆ ಕಳೆದುಕೊಳ್ಳಬಹುದು. ತೆರಿಗೆಯ ಮಾತಂತೂ ಬೇಡವೇ ಬೇಡ. ಕೊಳ್ಳುವ ಸಾಮಾನಿನ ಮೇಲಿನ ತೆರಿಗೆ ಅವರೂ ಕೊಡುತ್ತಾರೆ, ಬಹಳ ಕಡೆ ದಿನದ ಸುಂಕವೂ ಕಟ್ಟುತ್ತಾರೆ. ವರಮಾನದ ತೆರಿಗೆ ಹಾಕಲು 8ರಲ್ಲಿ ಏನಿದೆ?

ಮಾಲು ಕಿತ್ತುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಲೋಕಕ್ಕೆಲ್ಲಾ ಗೊತ್ತಿರುವ ಒಂದು ಹೆಸರಿದೆ. ಮೊಹಮದ್ ಬುವಾಝೀಝಿ. ಟುನೀಸಿಯಾದ ಸಿದಿ ಬುಝಿದ್ ಊರಲ್ಲಿ ತಳ್ಳುಗಾಡಿಯಲ್ಲಿ ಹಣ್ಣು ತರಕಾರಿ ಮಾರುತ್ತಿದ್ದ 26 ವರ್ಷದ ಹುಡುಗ. 2010ರ ಡಿಸೆಂಬರ್ 17ರಂದು ಅಧಿಕಾರಿಗಳು ಅವನ ಮಾಲು, ತಕ್ಕಡಿ ಕಿತ್ತುಕೊಂಡರು. ದೂರು ಕೇಳುವವರು ಯಾರೂ ಇರಲಿಲ್ಲ. ಸರ್ಕಾರಿ ಕಚೇರಿಯ ಮುಂದೆಯೇ ಮೈಗೆ ಬೆಂಕಿ ಹಚ್ಚಿಕೊಂಡ. ಜನವರಿ 4ರಂದು ತೀರಿಕೊಂಡ. ಆ ಬೆಂಕಿಯಿಂದ ಎದ್ದ ಜನರ ಸಿಟ್ಟಿಗೆ ಹತ್ತು ದಿನದಲ್ಲಿ ದೇಶದ ಅಧ್ಯಕ್ಷನೇ ಓಡಿಹೋಗಬೇಕಾಯಿತು. ಈ ಕಥೆಯಲ್ಲಿ ಎಲ್ಲರೂ ಕ್ರಾಂತಿಯ ಮಾತಾಡುತ್ತಾರೆ. ನನ್ನ ಮನಸ್ಸು ಮಾತ್ರ ಆ ತಕ್ಕಡಿಯ ಹತ್ತಿರ ನಿಲ್ಲುತ್ತದೆ. ಮಾಲು ಹೋದರೆ ಒಂದು ದಿನದ ಬಂಡವಾಳ ಹೋಯಿತು. ತಕ್ಕಡಿ ಹೋದರೆ ನಾಳೆ ಏನಿಟ್ಟು ತೂಗಬೇಕು?

ಕಾನೂನು ಎಲ್ಲಾ ಕಡೆ ಕೈಬಿಟ್ಟಿಲ್ಲ. ಭಾರತದ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸರಕು ವಶಪಡಿಸಿಕೊಂಡರೆ ಅದರ ಪಟ್ಟಿ ಕೊಡಬೇಕು. ಕೊಳೆಯುವ ಮಾಲಾದರೆ ಕೇಳಿದ ದಿನವೇ ವಾಪಸ್ ಕೊಡಬೇಕು. ಎಬ್ಬಿಸುವ ಮೊದಲು 30 ದಿನದ ನೋಟಿಸ್ ಬೇಕು. ಯಾರು ಎಲ್ಲಿ ಕೂರಬೇಕು ಅಂತ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ಕನಿಷ್ಠ 40 ಭಾಗ ವ್ಯಾಪಾರಿಗಳೇ ಇರಬೇಕು. ಬರೆದದ್ದೆಲ್ಲಾ ಬೀದಿಯವರೆಗೆ ಬರುವುದಿಲ್ಲ ಅನ್ನುವುದು ನಿಜ. ಆದರೆ ನಿಯಮ ಬಾಯಲ್ಲಿ ಹೇಳಬಲ್ಲ ಒಬ್ಬ ವ್ಯಾಪಾರಿ ಇದ್ದರೂ ಆ ಸಾಲಿನಲ್ಲಿ ಕಿತ್ತುಕೊಳ್ಳುವ ಕೈ ಸ್ವಲ್ಪ ತಡೆಯುತ್ತದೆ. ಅದನ್ನು ನೋಡಿದ್ದೇನೆ. ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ವಾರ್ವಿಕ್ ಜಂಕ್ಷನ್ ಅನ್ನುವ ಜಾಗ ಇದೆ. ದಿನಕ್ಕೆ ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಓಡಾಡುವ ಕಡೆ, ಸಾವಿರಾರು ವ್ಯಾಪಾರಿಗಳು. 1990ರ ದಶಕದ ಕೊನೆಯಲ್ಲಿ ಅಲ್ಲಿನ ನಗರಾಡಳಿತ ಅವರನ್ನು ಓಡಿಸದೆ, ಅವರನ್ನೇ ಕೂರಿಸಿಕೊಂಡು ಮಾತಾಡಿ, ನೆರಳು, ನೀರು, ಶೌಚಾಲಯ, ಸಾಮಾನು ಇಡುವ ಜಾಗ ಮಾಡಿಕೊಡಲು ಶುರು ಮಾಡಿತು. ನಾನು ಮೇಲೆ ಬರೆದ 18ರ ಖರ್ಚಿನಲ್ಲಿ ಎಷ್ಟು ಸಾಲು ಇದರಿಂದ ಅಳಿಸಿಹೋಗುತ್ತದೆ, ನೀವೇ ನೋಡಿ.

ಇದು ನಿಮ್ಮ ಬೀದಿಯ ಒಬ್ಬರ ವಿಷಯ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಹೇಳಿದ ಪ್ರಕಾರ ಲೋಕದ ದುಡಿಯುವವರಲ್ಲಿ ನೂರಕ್ಕೆ 61 ಜನ, ಸುಮಾರು 200 ಕೋಟಿ, ಹೀಗೆ ಚೀಟಿಯೂ ಇಲ್ಲದೆ ಕರಾರೂ ಇಲ್ಲದೆ ದುಡಿಯುವವರು.

ಈಗ ನಿಮ್ಮ ಸಾಲದ ಪ್ರಶ್ನೆ. ಅವರು ನಿಮ್ಮನ್ನು ಕೇಳಿದ್ದು ಫೀಸಿಗೆ. ನೀವು ಕೊಡದಿದ್ದರೂ ಫೀಸು ಕಟ್ಟಲೇಬೇಕು. ಆಗ ಅದು ಹೋಗುವುದು ಸೊಂಟದ ಚೀಲದಿಂದ, ಮಾರನೇ ದಿನದ ಮಾಲಿನ ದುಡ್ಡಿನಿಂದ. ಹಾಗಾಗಿ ಕೈಲಾದರೆ ಕೊಡಿ. ಕೊಟ್ಟರೆ ವಾಪಸ್ ತೆಗೆದುಕೊಳ್ಳುವ ರೀತಿಯಲ್ಲಿ ಸ್ವಲ್ಪ ಎಚ್ಚರ ಬೇಕು. ಸಂಬಳದವರ ಹಾಗೆ ತಿಂಗಳ ಕೊನೆಗೆ ಒಟ್ಟಿಗೆ ಕೊಡಿ ಅನ್ನಬೇಡಿ. ಅವರಿಗೆ ದುಡ್ಡು ಬರುವುದು ದಿನದ ಲೆಕ್ಕದಲ್ಲಿ. ಮೂವತ್ತು ದಿನ ಅದನ್ನು ಮುಟ್ಟದೆ ಇಟ್ಟುಕೊಳ್ಳುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟ. ದಿನಾ ಇಷ್ಟು ಅಂತ ಸಣ್ಣದಾಗಿ ತೆಗೆದುಕೊಳ್ಳಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಮನಸ್ಸಿದ್ದರೆ, ಬೆಳಿಗ್ಗೆ ಮಾಲಿಗೆ ಸಾಲ ತರುತ್ತೀರಾ, ಎಷ್ಟು ತರುತ್ತೀರಾ ಅಂತ ಮೆಲ್ಲಗೆ ಕೇಳಿ. ಬೇರೆ ಗಿರಾಕಿಗಳು ಇಲ್ಲದಾಗ ಕೇಳಿ, ನಾಲ್ಕು ಜನರ ಮುಂದೆ ಬೇಡ. ಆ ಮೊತ್ತವನ್ನು ಒಂದು ಸಲ ಬಡ್ಡಿ ಇಲ್ಲದೆ ಕೊಡಲು ಆಗುತ್ತದೆಯಾ ನೋಡಿ. ನಮ್ಮ ಲೆಕ್ಕದಲ್ಲೇ ಹೇಳುವುದಾದರೆ 100 ಕೊಟ್ಟು ದಿನಕ್ಕೆ 3ರ ಹಾಗೆ ತೆಗೆದುಕೊಂಡರೆ 34 ದಿನಕ್ಕೆ ನಿಮ್ಮ ದುಡ್ಡು ನಿಮಗೆ ಬಂತು. ಮೊದಲು ಬಡ್ಡಿಯವನಿಗೆ ದಿನಾ 5 ಹೋಗುತ್ತಿತ್ತು. ಈಗ 3 ಹೋಗಿ 2 ಉಳಿಯುತ್ತದೆ. ಆ 2 ಡಬ್ಬಿಗೂ ಬೇಡ, ಸೊಂಟಕ್ಕೂ ಬೇಡ. ಮೂರನೇ ಒಂದು ಚೀಲ ಮಾಡಿ ಅನ್ನಿ, ಕೆಟ್ಟ ದಿನಕ್ಕೆ ಅಂತ. 34 ದಿನಕ್ಕೆ ಅದರಲ್ಲಿ 68 ಆಗುತ್ತದೆ. ಆ ಪರೀಕ್ಷೆಯಲ್ಲಿ ಸಾಲ ತೀರಿದವರಿಗೆ ಇಲ್ಲದೆ ಹೋದದ್ದು ಈ ಮೂರನೇ ಚೀಲ ಅಂತ ನಾನು ನಂಬಿದ್ದೇನೆ.

ಸಾಲ ಕೊಡಲು ಆಗದಿದ್ದರೂ ಮಾಡಬಹುದಾದದ್ದು ಇದೆ. ನಾಳೆ ನಿಮಗೆ ಏನು ಬೇಕು ಅಂತ ಇವತ್ತೇ ಹೇಳಿ, ಆಗ ಅವರು ಅಷ್ಟು ಮಾಲನ್ನು ಧೈರ್ಯವಾಗಿ ತರುತ್ತಾರೆ. ಉದ್ರಿ ಹೇಳಬೇಡಿ. ಮನೆಯಲ್ಲಿ ಚಿಲ್ಲರೆ ಇದ್ದರೆ ಚಿಲ್ಲರೆಯನ್ನೇ ಕೊಡಿ.

ಸಾಲ ಕೊಟ್ಟರೆ ಕಂತನ್ನು ಬೆಳಿಗ್ಗೆ ಕೇಳಬೇಡಿ. ರಾತ್ರಿ ಎಂಟರ ಮೇಲೆ, ಅವರ ಮುಂದಿನ ಮಾಲು ಎಷ್ಟು ಉಳಿದಿದೆ ಅಂತ ಒಮ್ಮೆ ನೋಡಿ ಕೇಳಿ. ಸಂಜೆ ಮಳೆ ಬಂದಿದ್ದರೆ ಆ ದಿನ ಕೇಳಲೇಬೇಡಿ.